ಸದ್ದು ಹುಟ್ಟುವುದು ಎಲ್ಲಿ?

ಸಿಸ್ಟಂ ಅಡ್ಮಿನ್ ಗೆಳೆಯರೆ,

ಕಚೇರಿ, ಕಾಲೇಜು, ಆಸ್ಪತ್ರೆ, ಕಾರ್ಖಾನೆ, ಎಲ್ಲೇ ಕೆಲಸ ಮಾಡುತ್ತಿರಿ, ಈ ಒಂದು ದೂರು ನಿಮ್ಮ ಟಿಕೆಟ್ ಪಟ್ಟಿಗೆ ಆಗಾಗ ಬಂದೇ ಬರುತ್ತದೆ: "ರಿಮೋಟ್‌ನಲ್ಲಿ ಸಾಫ್ಟ್‌ವೇರ್ ಓಪನ್ ಆಗುತ್ತೆ, ಸೌಂಡ್ ಮಾತ್ರ ಬರಲ್ಲ." ನಿಮ್ಮಲ್ಲಿ ಬಹುಪಾಲು ಜನ ಬರೆಯುವ ಉತ್ತರವೂ ಒಂದೇ: "ಹಳೇ ಸಾಫ್ಟ್‌ವೇರ್. ರಿಮೋಟ್‌ನಲ್ಲಿ ಸೌಂಡ್ ಸಪೋರ್ಟ್ ಇಲ್ಲ." ಟಿಕೆಟ್ ಕ್ಲೋಸ್.

ಈ ಉತ್ತರದ ಬಗ್ಗೆ ನನಗೆ ತಕರಾರಿದೆ. ನಿಮ್ಮ ತಲೆಯ ಮೇಲಿರುವ ಹೊರೆ ನನಗೂ ಗೊತ್ತು. ಸರ್ವರ್ ಬಿದ್ದಾಗ ಬಯ್ಯಿಸಿಕೊಳ್ಳುವವರು ನೀವು, ಎದ್ದು ನಿಂತಾಗ ನೆನೆಯುವವರು ಯಾರೂ ಇಲ್ಲ. ಆದರೂ ಹೇಳಲೇಬೇಕು, ಆ ಉತ್ತರ ಬಹಳ ಸಲ ನಿಜವಲ್ಲ. ಹಳೆಯ ಪ್ರೋಗ್ರಾಮಿನ ಸದ್ದನ್ನು ದೂರದ ಕಿವಿಗೆ ಮುಟ್ಟಿಸುವ ದಾರಿಗಳು ಎಷ್ಟೋ ವರ್ಷಗಳಿಂದ ಇವೆ. ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಸದ್ದು ಹುಟ್ಟುತ್ತಿರುವುದು ಯಾವ ಯಂತ್ರದಲ್ಲಿ, ಹುಟ್ಟಬೇಕಾದದ್ದು ಯಾವ ಯಂತ್ರದಲ್ಲಿ?

ಹಳೆಯ ಪ್ರೋಗ್ರಾಮಿಗೆ ತಾನು ದೂರದಲ್ಲಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಅದನ್ನು ಬರೆದವನ ಲೋಕದಲ್ಲಿ ಕೀಬೋರ್ಡು, ಪರದೆ, ಸ್ಪೀಕರು ಎಲ್ಲವೂ ಒಂದೇ ಮೇಜಿನ ಮೇಲಿದ್ದವು. 1981ರಲ್ಲಿ ಬಂದ ಐಬಿಎಂ ಪಿಸಿಯನ್ನೇ ನೋಡಿ. ಅದರೊಳಗಿನ ಇಂಟೆಲ್ 8253 ಟೈಮರ್ ಚಿಪ್ಪಿಗೆ ಸೆಕೆಂಡಿಗೆ ಸುಮಾರು 11.93 ಲಕ್ಷ ಮಿಡಿತಗಳು ಸಿಗುತ್ತಿದ್ದವು. ಪ್ರೋಗ್ರಾಂ ಅದಕ್ಕೆ ಒಂದು ಸಂಖ್ಯೆ ಕೊಡುತ್ತಿತ್ತು, ಚಿಪ್ಪು ಆ ಸಂಖ್ಯೆಯಿಂದ ಭಾಗಿಸಿ ಸ್ಪೀಕರನ್ನು ಅಲುಗಿಸುತ್ತಿತ್ತು. 1193 ಕೊಟ್ಟರೆ ಹೆಚ್ಚುಕಡಿಮೆ 1000 ಹರ್ಟ್ಸ್‌ನ ಕೀಚು ದನಿ. ನಡುವೆ ಆಪರೇಟಿಂಗ್ ಸಿಸ್ಟಂ ಇಲ್ಲ, ಡ್ರೈವರ್ ಇಲ್ಲ. ಆಮೇಲೆ ಸೌಂಡ್ ಬ್ಲಾಸ್ಟರ್ ಕಾರ್ಡುಗಳು ಬಂದವು. ಡಾಸ್ ಪ್ರೋಗ್ರಾಮುಗಳು 220 ಎಂಬ ಪೋರ್ಟ್ ವಿಳಾಸಕ್ಕೆ, ಇಂಥದ್ದೇ ಐಆರ್‌ಕ್ಯೂ, ಇಂಥದ್ದೇ ಡಿಎಂಎ ಎಂದು ನೇರವಾಗಿ ಮಾತಾಡುತ್ತಿದ್ದವು. ಇಂಥ ಪ್ರೋಗ್ರಾಮನ್ನು ಇವತ್ತು ಡೇಟಾ ಸೆಂಟರಿನಲ್ಲಿರುವ, ಸ್ಪೀಕರನ್ನೇ ಕಾಣದ ಒಂದು ವರ್ಚುವಲ್ ಯಂತ್ರದೊಳಗೆ ಕೂರಿಸಿ, ಮೂರು ರಾಜ್ಯ ದಾಟಿ ಕೂತವನಿಗೆ ಕೇಳಿಸಬೇಕು ಎನ್ನುತ್ತೇವೆ. ಇಷ್ಟಾದರೂ ಕೇಳಿಸಬಲ್ಲದು ಎಂಬುದೇ ನನಗೆ ಬೆರಗು.

ರಿಮೋಟ್ ಡೆಸ್ಕ್‌ಟಾಪಿನ ಚರಿತ್ರೆಯಲ್ಲೂ ಕಿವಿಗೆ ಮಣೆ ಸಿಕ್ಕಿದ್ದು ಕಣ್ಣಿಗಿಂತ ತಡವಾಗಿ. 1998ರ ವಿಂಡೋಸ್ ಎನ್‌ಟಿ ಟರ್ಮಿನಲ್ ಸರ್ವರ್ ಆವೃತ್ತಿಯಲ್ಲಿ ಮೈಕ್ರೋಸಾಫ್ಟಿನ ಆರ್‌ಡಿಪಿ ಬಂದಾಗ ಅದು ಹೊತ್ತು ತರುತ್ತಿದ್ದದ್ದು ಚಿತ್ರವನ್ನು. ಕೊಂಡೊಯ್ಯುತ್ತಿದ್ದದ್ದು ಕೀಲಿ ಮತ್ತು ಮೌಸಿನ ಚಲನೆಯನ್ನು. ವಿಂಡೋಸ್ 2000ದಲ್ಲೂ ಅಷ್ಟೇ. ಸದ್ದಿಗೆ ಒಂದು ಪ್ರತ್ಯೇಕ ಕಾಲುವೆ ತೋಡಿದ್ದು 2001ರ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ 5.1 ಆವೃತ್ತಿಯಲ್ಲಿ. ಮೈಕಿನ ದನಿ ನಮ್ಮ ಕಡೆಯಿಂದ ಆಚೆಗೆ ಹೋಗಲು ವಿಂಡೋಸ್ 7ರವರೆಗೆ ಕಾಯಬೇಕಾಯಿತು. ಹಾಗಾಗಿ 2001ಕ್ಕಿಂತ ಹಿಂದೆ ಈ ಕೆಲಸ ಕಲಿತ ಹಿರಿಯರು "ಸಪೋರ್ಟ್ ಇಲ್ಲ" ಎಂದರೆ ಅವರ ಕಾಲಕ್ಕೆ ಅದು ನಿಜವೇ ಆಗಿತ್ತು. ಆ ಮಾತು ಮಾತ್ರ ಗುರುಗಳಿಂದ ಶಿಷ್ಯರಿಗೆ ಹಾಗೇ ಇಳಿದು ಬಂದಿದೆ.

ವಿಂಡೋಸ್ ಇಟ್ಟುಕೊಂಡವರು ಮೊದಲು ನೋಡಬೇಕಾದದ್ದು ತೀರಾ ಸಾಮಾನ್ಯ ಸಂಗತಿಗಳನ್ನು. ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯ ಲೋಕಲ್ ರಿಸೋರ್ಸಸ್ ಪುಟದಲ್ಲಿ ಆಡಿಯೋಗೆ ಮೂರು ಆಯ್ಕೆಗಳಿವೆ: ಇಲ್ಲಿ ನುಡಿಸು, ಎಲ್ಲೂ ನುಡಿಸಬೇಡ, ಅಲ್ಲೇ ನುಡಿಸು. ಸೇವ್ ಮಾಡಿಟ್ಟ ಆರ್‌ಡಿಪಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಆಡಿಯೋಮೋಡ್ ಎಂಬ ಸಾಲಿನ ಕೊನೆಯಲ್ಲಿ 0, 1, 2 ಎಂಬ ಅಂಕಿಗಳಲ್ಲಿ ಒಂದಿರುತ್ತದೆ. ಸೊನ್ನೆ ಎಂದರೆ ಇಲ್ಲಿ, ಒಂದು ಎಂದರೆ ಅಲ್ಲಿ, ಎರಡು ಎಂದರೆ ಎಲ್ಲೂ ಇಲ್ಲ. ಯಾರೋ ಎಂದೋ ಒಂದು ಕಡತ ಮಾಡಿ ಇಡೀ ಕಚೇರಿಗೆ ಹಂಚಿರುತ್ತಾರೆ, ಅದರಲ್ಲಿ 1 ಎಂದಿದ್ದರೆ ಸದ್ದೆಲ್ಲ ಬೀಗ ಹಾಕಿದ ಕೋಣೆಯಲ್ಲಿರುವ ಕಂಪ್ಯೂಟರಿನಲ್ಲಿ ಮೊಳಗುತ್ತದೆ. ರಾತ್ರಿ ಪಾಳಿಯ ಸೆಕ್ಯುರಿಟಿಯವರು ಬೆಚ್ಚಿಬಿದ್ದರೆ ತಪ್ಪು ಅವರದಲ್ಲ.

ಅಲ್ಲಿ ಸರಿಯಿದ್ದರೆ ಸರ್ವರಿನ ಕಡೆ ಬನ್ನಿ. ಎಕ್ಸ್‌ಪಿ, ವಿಸ್ತಾ, ವಿಂಡೋಸ್ 7ರಂಥ ಮೇಜಿನ ಯಂತ್ರಗಳಿಗೆ ಜೋಡಿಸಿಕೊಂಡಾಗ ಸದ್ದಿಗೆ ಅನುಮತಿ ತಾನಾಗಿಯೇ ಇರುತ್ತದೆ. ಸರ್ವರ್ 2003, 2008ರಂಥವಕ್ಕೆ ಜೋಡಿಸಿಕೊಂಡಾಗ ಗ್ರೂಪ್ ಪಾಲಿಸಿಯಲ್ಲಿ ಅನುಮತಿ ಕೊಟ್ಟ ಹೊರತು ಇರುವುದಿಲ್ಲ. ವಿಂಡೋಸ್ ಆಡಿಯೋ ಸರ್ವಿಸ್ ಕೂಡ ಮಲಗಿರಬಹುದು, ಎಬ್ಬಿಸಿ. ಇನ್ನೊಂದು ಸಣ್ಣ ಮಾತು, ಯಾರೂ ಹೇಳಿಕೊಡದ್ದು: ಅನೇಕ ಹಳೆಯ ಪ್ರೋಗ್ರಾಮುಗಳು ತಾವು ಶುರುವಾಗುವ ಕ್ಷಣದಲ್ಲಿ ಮಾತ್ರ ಯಾವ ಧ್ವನಿ ಸಾಧನ ಇದೆ ಎಂದು ನೋಡುತ್ತವೆ. ಯಂತ್ರದ ಮುಂದೆ ಕೂತು ತೆರೆದು, ಹಾಗೇ ಬಿಟ್ಟು, ಮನೆಯಿಂದ ರಿಮೋಟ್‌ನಲ್ಲಿ ಬಂದರೆ ಅವು ಹಳೆಯ ಸಾಧನಕ್ಕೇ ಜೋತುಬಿದ್ದಿರುತ್ತವೆ. ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆದರೆ ಅರ್ಧ ಟಿಕೆಟ್ಟುಗಳು ಅಲ್ಲೇ ಮುಗಿಯುತ್ತವೆ.

ಬೆಂಗಳೂರಿನ ಸರ್ವಿಸ್ ಕಂಪನಿಗಳಲ್ಲಿ ಇರುವವರಿಗೆ ಇನ್ನೊಂದು ಗಂಟು ಇದೆ. ನೀವು ಮೊದಲು ಒಂದು ಜಂಪ್ ಸರ್ವರಿಗೆ ಹೋಗುತ್ತೀರಿ, ಅಲ್ಲಿಂದ ಕಡಲಾಚೆಯ ಗ್ರಾಹಕರ ಯಂತ್ರಕ್ಕೆ. ರಿಮೋಟ್‌ನೊಳಗೆ ರಿಮೋಟ್. ಎರಡನೇ ಜಿಗಿತದ ದೃಷ್ಟಿಯಲ್ಲಿ "ಇಲ್ಲಿ ನುಡಿಸು" ಎಂದರೆ ಜಂಪ್ ಸರ್ವರ್, ನಿಮ್ಮ ಮೇಜು ಅಲ್ಲ. ಎರಡೂ ಜಿಗಿತಗಳಲ್ಲಿ ದಾರಿ ತೆರೆದಿದ್ದರೆ ಮಾತ್ರ ಸದ್ದು ನಿಮ್ಮವರೆಗೆ ಬರುತ್ತದೆ, ಅದೂ ಎರಡು ಪಾಲು ತಡವಾಗಿ.

"ನೆಟ್‌ವರ್ಕ್ ಮೇಲೆ ಲೋಡ್ ಬೀಳುತ್ತೆ" ಎನ್ನುವವರೂ ಇದ್ದಾರೆ. ಲೆಕ್ಕ ಹಾಕೋಣ. ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಯನ್ನು ಒಂದಿಷ್ಟೂ ಕುಗ್ಗಿಸದೆ ಕಳಿಸಿದರೆ ಸೆಕೆಂಡಿಗೆ 14 ಲಕ್ಷ ಬಿಟ್ಟುಗಳು ಬೇಕು, 1.4 ಎಂಬಿಪಿಎಸ್. ಆರ್‌ಡಿಪಿ ಅದನ್ನು ಕುಗ್ಗಿಸಿಯೂ ಕಳಿಸಬಲ್ಲದು, ಗುಣಮಟ್ಟಕ್ಕೆ ಮಿತಿ ಹಾಕುವ ಪಾಲಿಸಿಯೂ ಇದೆ. ಅದೇ ಕಚೇರಿಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಎಷ್ಟು ಜನ ಕ್ರಿಕೆಟ್ ನೋಡುತ್ತಿರುತ್ತಾರೆ ಎಂಬುದು ನನಗಿಂತ ನಿಮ್ಮ ಫೈರ್‌ವಾಲಿಗೆ ಚೆನ್ನಾಗಿ ಗೊತ್ತು.

ಇನ್ನು ಲಿನಕ್ಸ್. ಇಲ್ಲಿ ಸ್ವಲ್ಪ ಹೊತ್ತು ಕೂತು ಮಾತಾಡಬೇಕು, ಏಕೆಂದರೆ ಕಾಲೇಜುಗಳ, ಪ್ರಯೋಗಾಲಯಗಳ ಎಷ್ಟೋ ಹಳೆಯ ಪ್ರೋಗ್ರಾಮುಗಳ ಮೂಲ ಕೋಡ್ ಕಳೆದುಹೋಗಿ ಬರೀ ಬೈನರಿ ಉಳಿದಿರುತ್ತದೆ. ಎಕ್ಸ್ ವಿಂಡೋ ವ್ಯವಸ್ಥೆ ಶುರುವಿನಿಂದಲೂ ಜಾಲದ ಮೇಲೆಯೇ ಓಡುವಂತೆ ಕಟ್ಟಿದ್ದು. ದೂರದ ಯಂತ್ರದಲ್ಲಿ ಪ್ರೋಗ್ರಾಂ, ನಿಮ್ಮ ಪರದೆಯ ಮೇಲೆ ಅದರ ಕಿಟಕಿ. ಆದರೆ ಆ ಪ್ರೋಟೋಕಾಲಿನಲ್ಲಿ ಸದ್ದಿಗೆ ಇರುವ ಜಾಗ ಒಂದು ಗಂಟೆ ಬಾರಿಸುವಷ್ಟು ಮಾತ್ರ. ಉಳಿದ ಸದ್ದೆಲ್ಲ ಪ್ರೋಗ್ರಾಂ ಇರುವ ಯಂತ್ರದಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ವಿಎನ್‌ಸಿ ಕತೆಯೂ ಅದೇ. ಅದರ ಮೂಲ ಪ್ರೋಟೋಕಾಲಿನಲ್ಲಿ ಬೆಲ್ ಎಂಬ ಸಂದೇಶ ಒಂದಿದೆ, ಉದ್ದ ಒಂದೇ ಒಂದು ಬೈಟ್.

ಹಳೆಯ ಲಿನಕ್ಸ್ ಪ್ರೋಗ್ರಾಮು ಸದ್ದು ಮಾಡಲು /ಡೆವ್/ಡಿಎಸ್‌ಪಿ ಎಂಬ ಕಡತವನ್ನು ತೆರೆಯುತ್ತದೆ. ಅದು ಓಎಸ್‌ಎಸ್ ಎಂಬ ಹಳೆಯ ಧ್ವನಿ ವ್ಯವಸ್ಥೆಯ ಬಾಗಿಲು. ಕಡತಕ್ಕೆ ಬರೆದಂತೆ ಧ್ವನಿಯ ಅಂಕಿಗಳನ್ನು ಬರೆದರೆ ಕಾರ್ಡು ನುಡಿಯುತ್ತಿತ್ತು. ಲಿನಕ್ಸ್ 2.6ರ ಹೊತ್ತಿಗೆ ಅಲ್ಸಾ ಬಂದು ಆ ಜಾಗ ಹಿಡಿಯಿತು, ಓಎಸ್‌ಎಸ್ ಹಳೆಯವರ ಸಲುವಾಗಿ ಉಳಿಸಿಕೊಂಡ ವೇಷವಾಯಿತು. ಮುಂದೆ ಅನೇಕ ವಿತರಣೆಗಳು ಆ ವೇಷವನ್ನೂ ಕಳಚಿದವು. ಹಾಗಾಗಿ ಇವತ್ತು ಪ್ರೋಗ್ರಾಂ ತೆರೆದರೆ /ಡೆವ್/ಡಿಎಸ್‌ಪಿ ಎಂಬ ಕಡತವೇ ಇಲ್ಲ ಎಂಬ ಸಾಲು ಕಾಣುತ್ತದೆ. ಆಗ ಕೆಲವರು ಮಾಡುವ ಉಪಾಯ, ಆ ಹೆಸರಿನಲ್ಲಿ /ಡೆವ್/ನಲ್‌ಗೆ ಒಂದು ಕೊಂಡಿ ಹಾಕುವುದು. ದಯವಿಟ್ಟು ಬೇಡ. ಸಾಧನ ಯಾವುದೆಂದು ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಕೆಲವು ಪ್ರೋಗ್ರಾಮುಗಳು ಅಲ್ಲೇ ನಿಲ್ಲುತ್ತವೆ. ನಿಲ್ಲದಿರುವವು ಹುಚ್ಚು ಕುದುರೆಯಂತೆ ಓಡುತ್ತವೆ, ಏಕೆಂದರೆ ಅವುಗಳಿಗೆ ಸೌಂಡ್ ಕಾರ್ಡೇ ಗಡಿಯಾರವಾಗಿತ್ತು. ಸೆಕೆಂಡಿಗೆ ಇಷ್ಟೇ ಅಂಕಿಗಳನ್ನು ಕಾರ್ಡು ನುಂಗುತ್ತದೆ, ಅದು ನುಂಗುವವರೆಗೆ ಪ್ರೋಗ್ರಾಂ ಕಾಯುತ್ತದೆ, ಪರದೆಯ ಚಲನೆಯೂ ಆ ತಾಳಕ್ಕೇ ನಡೆಯುತ್ತದೆ. ನಲ್ ಎಂಬ ಹೊಂಡ ಕೊಟ್ಟದ್ದನ್ನೆಲ್ಲ ಕ್ಷಣದಲ್ಲಿ ನುಂಗಿಬಿಡುತ್ತದೆ. ತಾಳ ಕೆಟ್ಟಿತು.

ಸರಿಯಾದ ಉಪಾಯ ಪಲ್ಸ್‌ಆಡಿಯೋ ಎಂಬ ಧ್ವನಿ ಸರ್ವರಿನ ಜೊತೆ ಬರುವ ಪಿಎಡಿಎಸ್‌ಪಿ ಎಂಬ ಚಿಕ್ಕ ಪ್ರೋಗ್ರಾಂ. ಹಳೆಯ ಪ್ರೋಗ್ರಾಮಿನ ಹೆಸರಿಗಿಂತ ಮೊದಲು ಇದರ ಹೆಸರು ಸೇರಿಸಿ ಓಡಿಸಿದರೆ ಸಾಕು. ಹಳೆಯ ಪ್ರೋಗ್ರಾಂ /ಡೆವ್/ಡಿಎಸ್‌ಪಿ ತೆರೆಯಲು ಹೋದಾಗ ಇದು ನಡುವೆ ನಿಂತು, ಹಳೇ ವಿಳಾಸಕ್ಕೆ ಬಂದ ಕಾಗದವನ್ನು ಹೊಸ ಮನೆಗೆ ತಲುಪಿಸುವ ಅಂಚೆಯವನ ಹಾಗೆ, ಸದ್ದನ್ನು ಪಲ್ಸ್‌ಆಡಿಯೋ ಕೈಗೆ ಕೊಡುತ್ತದೆ. ಪ್ರೋಗ್ರಾಮಿನ ಒಂದು ಬೈಟನ್ನೂ ಮುಟ್ಟಬೇಕಿಲ್ಲ. ಇದರ ಹಿಂದಿರುವುದು ಎಲ್‌ಡಿ ಪ್ರಿಲೋಡ್ ಎಂಬ ತಂತ್ರ, ಬೇರೆ ಲೈಬ್ರರಿಗಳಿಗಿಂತ ಮೊದಲು ನಮ್ಮದನ್ನು ತುಂಬಿಸುವುದು. ಅದಕ್ಕೇ ಅದರ ಸೋಲೂ ಗೊತ್ತಿರಲಿ. ಎಲ್ಲವನ್ನೂ ತನ್ನೊಳಗೇ ಸೇರಿಸಿಕೊಂಡ ಸ್ಟ್ಯಾಟಿಕ್ ಬೈನರಿಗೆ ಇದು ನಾಟುವುದಿಲ್ಲ. ಪ್ರೋಗ್ರಾಂ 32 ಬಿಟ್ಟಿನದಾಗಿ ಲೈಬ್ರರಿ 64 ಬಿಟ್ಟಿನದಾದರೆ, ಇಎಲ್‌ಎಫ್ ವರ್ಗ ತಪ್ಪಿದೆ, ಕಡೆಗಣಿಸಿದ್ದೇನೆ ಎಂದು ಒಂದು ಸಾಲು ಗೊಣಗಿ ಸುಮ್ಮನಾಗುತ್ತದೆ. ಆ ಗೊಣಗಾಟವನ್ನು ಓದದೆ "ಇದೂ ಕೆಲಸ ಮಾಡಲಿಲ್ಲ" ಎಂದು ಬಿಟ್ಟವರು ಬಹಳ. 32 ಬಿಟ್ಟಿನ ಪ್ಯಾಕೇಜ್ ಹಾಕಿದರೆ ಮುಗಿಯಿತು. ಕ್ವೇಕ್‌ನಂಥ 1996ರ ಕಾಲದ ಆಟಗಳು ಇನ್ನೊಂದು ಥರ. ಅವು ಕಡತಕ್ಕೆ ಬರೆಯುವುದೇ ಇಲ್ಲ, ಕಾರ್ಡಿನ ನೆನಪನ್ನೇ ತಮ್ಮ ನೆನಪಿಗೆ ಹೊಲಿದುಕೊಂಡು ನೇರ ಅಲ್ಲಿ ಗೀಚುತ್ತವೆ. ನಡುವೆ ನಿಂತು ತಡೆಯಲು ಅಲ್ಲಿ ಏನೂ ಇಲ್ಲ. ಅಂಥವಕ್ಕೆ ಕೆಳಗಿನಿಂದಲೇ ಸುಳ್ಳು ಸಾಧನವನ್ನು ಒಡ್ಡಬೇಕು. 2009ರಲ್ಲಿ ಲಿನಕ್ಸ್ 2.6.31ಕ್ಕೆ ಸೇರಿದ ಕ್ಯೂಸ್ ಎಂಬ ಸೌಲಭ್ಯ ಇರುವುದೇ ಇಂಥ ಸಾಧನಗಳನ್ನು ಕರ್ನಲ್ಲಿನ ಹೊರಗಿನಿಂದ ಕಟ್ಟಲು. ಓಎಸ್‌ಎಸ್ ಪ್ರಾಕ್ಸಿ ಅದರ ಮೇಲೆ ನಿಂತಿದೆ, ಆದರೆ ನೆನಪನ್ನು ಹೊಲಿದುಕೊಳ್ಳುವ ಆಟಗಳಿಗೆ ಮೂಲ ಕರ್ನಲ್ಲಿನ ಕ್ಯೂಸ್ ಒಂದೇ ಸಾಲದು.

ಪಲ್ಸ್‌ಆಡಿಯೋ ಕೈಗೆ ಸದ್ದು ಸಿಕ್ಕಿದ ಮೇಲೆ ದೂರ ದೊಡ್ಡ ಮಾತಲ್ಲ, ಏಕೆಂದರೆ ಅದು ಜಾಲದ ಮೇಲೂ ಮಾತಾಡಬಲ್ಲದು. ಎಸ್‌ಎಸ್‌ಎಚ್‌ನ ದೊಡ್ಡಕ್ಷರದ ಆರ್ ಆಯ್ಕೆಯಿಂದ 4713ನೇ ಪೋರ್ಟನ್ನು ಹಿಮ್ಮುಖವಾಗಿ ಸುರಂಗದಲ್ಲಿ ತನ್ನಿ, ದೂರದ ಯಂತ್ರದಲ್ಲಿ ಪಲ್ಸ್ ಸರ್ವರ್ ಎಂಬ ಪರಿಸರ ಚರಕ್ಕೆ ಆ ಯಂತ್ರದ್ದೇ ಲೋಕಲ್‌ಹೋಸ್ಟ್ ವಿಳಾಸ ಕೊಡಿ, ಕುಕಿ ಕಡತವನ್ನು ನಕಲು ಮಾಡಿ. ಸದ್ದು ನಿಮ್ಮ ಮೇಜಿನ ಮೇಲೆ ಬರುತ್ತದೆ. ಸುರಂಗದ ತಂಟೆ ಬೇಡವೆಂದು 4713ನ್ನು ಗುರುತುಪರಿಚಯ ಕೇಳದೆ ಎಲ್ಲರಿಗೂ ತೆರೆದಿಡಬೇಡಿ. ಆ ಬಾಗಿಲಿಂದ ಸ್ಪೀಕರಷ್ಟೇ ಅಲ್ಲ, ಮೈಕೂ ಸಿಗುತ್ತದೆ. ಎಕ್ಸ್‌ಆರ್‌ಡಿಪಿ ಬಳಸುವವರಿಗೆ ಪಲ್ಸ್‌ಆಡಿಯೋಗೆಂದೇ ಇರುವ ಒಂದು ಮಾಡ್ಯೂಲ್ ಹಾಕಿದರೆ ಸದ್ದು ಆರ್‌ಡಿಪಿಯ ಕಾಲುವೆಯಲ್ಲೇ ಹರಿಯುತ್ತದೆ. ಸದ್ದು ತುಂಡು ತುಂಡಾಗಿ ಬರುತ್ತಿದ್ದರೆ ಪಲ್ಸ್ ಲೇಟೆನ್ಸಿ ಎಂಎಸ್‌ಇಸಿ ಎಂಬ ಪರಿಸರ ಚರಕ್ಕೆ 60 ಎಂದು ಕೊಟ್ಟು ನೋಡಿ. ಸ್ವಲ್ಪ ತಡವಾದರೂ ನೆಟ್ಟಗೆ ಬರುತ್ತದೆ.

ಡಾಸ್ ಪ್ರೋಗ್ರಾಮುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು. 64 ಬಿಟ್ಟಿನ ವಿಂಡೋಸ್ ಅವುಗಳನ್ನು ಓಡಿಸುವುದೇ ಇಲ್ಲ, ಡಾಸ್‌ಬಾಕ್ಸ್ ಬೇಕು. ಡಾಸ್‌ಬಾಕ್ಸ್ ಒಂದು ಸುಳ್ಳು ಸೌಂಡ್ ಬ್ಲಾಸ್ಟರನ್ನೂ ಸುಳ್ಳು ಪಿಸಿ ಸ್ಪೀಕರನ್ನೂ ಕಟ್ಟಿ ಕೊಟ್ಟು, ಬಂದ ಸದ್ದನ್ನು ಸಾಮಾನ್ಯ ಧ್ವನಿ ಸಾಧನಕ್ಕೆ ಸುರಿಯುತ್ತದೆ, ರಿಮೋಟ್‌ನಲ್ಲೂ. ಆದರೆ ಹೀಗೆ ಸುಳ್ಳು ಕಾರ್ಡಿನ ಸದ್ದನ್ನು ಅಲ್ಲಿ ತಯಾರಿಸಿ, ಕುಗ್ಗಿಸಿ, ಇಲ್ಲಿಗೆ ತಂದು ಹಿಗ್ಗಿಸುವ ಬದಲು ಡಾಸ್‌ಬಾಕ್ಸನ್ನೇ ಬಳಕೆದಾರರ ಕಂಪ್ಯೂಟರಿಗೆ ಹಾಕಿಕೊಡಬಾರದೇಕೆ? ಪ್ರೋಗ್ರಾಂ ಕೆಲವು ಎಂಬಿಯದು, ಅದರ ಡೇಟಾ ಸರ್ವರಿನಲ್ಲೇ ಇರಲಿ. ಒಂದೇ ಡೇಟಾ ಕಡತವನ್ನು ಹಲವರು ಏಕಕಾಲಕ್ಕೆ ತಿದ್ದುವಂತಿದ್ದರೆ ಮಾತ್ರ ಈ ಮಾತು ಹಿಂದಕ್ಕೆ.

ಎಲ್ಲಿ ಹುಟ್ಟಬೇಕು ಎಂದು ಮೊದಲೇ ಕೇಳಿದ್ದು ಇದಕ್ಕೇ. ಎಕ್ಸ್‌ನ ಗಂಟೆಯನ್ನು ನೆನೆಯಿರಿ. ಅಲ್ಲಿ ಸದ್ದು ಜಾಲದ ಮೇಲೆ ಬರುವುದೇ ಇಲ್ಲ. "ಬಾರಿಸು" ಎಂಬ ಅಪ್ಪಣೆ ಬರುತ್ತದೆ, ಬಾರಿಸುವುದು ನಿಮ್ಮ ಯಂತ್ರ. ವಿಎನ್‌ಸಿಯ ಆ ಒಂದು ಬೈಟೂ ಹಾಗೇ. ವಿಂಡೋಸಿನ ಬೀಪ್ ಎಂಬ ಫಂಕ್ಷನ್ನಿನ ಪಾಡು ಇನ್ನೂ ಸ್ವಾರಸ್ಯ. ಹಳೆಯ ಟೈಮರ್ ಚಿಪ್ಪನ್ನೇ ನಂಬಿದ್ದ ಅದನ್ನು ಎಕ್ಸ್‌ಪಿಯ 64 ಬಿಟ್ ಆವೃತ್ತಿಯಲ್ಲೂ ವಿಸ್ತಾದಲ್ಲೂ ಕೈಬಿಟ್ಟರು. ವಿಂಡೋಸ್ 7ರಲ್ಲಿ ಹೊಸದಾಗಿ ಬರೆದು, ಸೆಷನ್ನಿನ ಧ್ವನಿ ಸಾಧನಕ್ಕೆ ಹೋಗುವಂತೆ ಮಾಡಿದರು. ರಿಮೋಟ್ ಸೆಷನ್ ಆದರೆ ಆ ಬೀಪು ಮೂಡುವುದು ನೋಡುಗರ ಯಂತ್ರದಲ್ಲಿ. ತೂಕದ ಯಂತ್ರಕ್ಕೋ ಅಲಾರಮ್ಮಿಗೋ ಬರೆದ, ಬರೀ ಬೀಪ್ ನಂಬಿ ಬದುಕಿರುವ ಹಳೇ ಪ್ರೋಗ್ರಾಮುಗಳಿಗೆ ವಿಸ್ತಾದಲ್ಲಿ ಸಿಗದ ದನಿ 7ರಲ್ಲಿ ಮರಳಿ ಸಿಕ್ಕಿತು. ಆ ಯಂತ್ರಗಳನ್ನು ನೋಡಿಕೊಳ್ಳುವವರು ಆವೃತ್ತಿ ಸಂಖ್ಯೆ ನೋಡದೆ ದೂರನ್ನು ಮುಚ್ಚಬಾರದು.

ಈ ತತ್ವ ನಿಜವಾಗಿ ಬದುಕಿನ ಪ್ರಶ್ನೆಯಾಗುವುದು ಕಣ್ಣು ಕಾಣದ ಸಹೋದ್ಯೋಗಿಗಳಿಗೆ. ಅವರು ಪರದೆಯನ್ನು ಕಿವಿಯಿಂದ ಓದುತ್ತಾರೆ. ಎನ್‌ವಿಡಿಎ, ಜಾಸ್‌ನಂಥ ಸ್ಕ್ರೀನ್ ರೀಡರುಗಳು ಮೆನು, ಕೋಷ್ಟಕ, ಟೈಪ್ ಮಾಡಿದ ಅಕ್ಷರ ಎಲ್ಲವನ್ನೂ ಉಸುರುತ್ತವೆ. ಇ-ಸ್ಪೀಕ್ ಎನ್‌ಜಿ ಎಂಬ ಧ್ವನಿ ಎಂಜಿನ್ ಕನ್ನಡವನ್ನೂ ಓದುತ್ತದೆ, ಉಚ್ಚಾರ ಕೇಳಿದವರು ನಗಬಹುದು, ಆದರೆ ಓದುತ್ತದೆ. ಅವರ ಸೆಷನ್ನಿನಲ್ಲಿ ನೀವು ಆಡಿಯೋ ಬಂದ್ ಮಾಡಿದರೆ ಅದು ನಿಮ್ಮ ಮಾನಿಟರಿನ ವೈರ್ ಕಿತ್ತು "ಈಗ ಕೆಲಸ ಮಾಡಿ" ಎಂದದ್ದಕ್ಕೆ ಸಮ. ಸರಿ, ಆಡಿಯೋ ತೆರೆದಿರಿ, ಸ್ಕ್ರೀನ್ ರೀಡರನ್ನು ಸರ್ವರಿನಲ್ಲೇ ಹಾಕಿದಿರಿ. ಆಗಲೂ ಒಂದು ಕೀಲಿ ಒತ್ತಿದಾಗ ಉತ್ತರ ಬರುವುದು ಸರ್ವರಿನಲ್ಲಿ ದನಿಯಾಗಿ, ಕುಗ್ಗಿ, ಪ್ರಯಾಣಿಸಿ, ಬಫರಿನಲ್ಲಿ ಕಾದು. ಅವರು ಮೂರು ಕೀಲಿ ಮುಂದಿರುತ್ತಾರೆ, ದನಿ ಹಿಂದೆ ಏದುಸಿರು ಬಿಡುತ್ತಿರುತ್ತದೆ. ನಿಮಗೆ ತಡವೇ ಅನ್ನಿಸದ ಆ ಕಾಲು ಸೆಕೆಂಡು ಅವರಿಗೆ ದಿನವಿಡೀ ಕೊರೆಯುತ್ತದೆ.

ಇಲ್ಲಿ ದನಿಯ ಬದಲು ಅಕ್ಷರಗಳನ್ನು ಕಳಿಸಬೇಕು. ಜಾಸ್‌ನಲ್ಲಿ ಅದಕ್ಕೆ ರಿಮೋಟ್ ಬೆಂಬಲ ಬಹಳ ಹಿಂದಿನಿಂದ ಇದೆ: ಸರ್ವರಿನ ಜಾಸ್ ಹೇಳಬೇಕಾದದ್ದನ್ನು ಅಕ್ಷರಗಳಾಗಿಯೇ ರವಾನಿಸಿ, ಬಳಕೆದಾರರ ಯಂತ್ರದ ಜಾಸ್ ಅದನ್ನು ನುಡಿಯುತ್ತದೆ. ಎನ್‌ವಿಡಿಎಗೆ 2015ರಲ್ಲಿ ರಿಮೋಟ್ ಆಡ್-ಆನ್ ಬಂತು. ಎನ್‌ವಿಡಿಎ 2025.1ರಿಂದ ಆ ಸೌಲಭ್ಯ ಒಳಗೇ ಸೇರಿದೆ. ಎರಡಕ್ಕೂ ಸರ್ವರಿನಲ್ಲಿ ಇನ್‌ಸ್ಟಾಲ್ ಮಾಡುವ ಅಧಿಕಾರ ಬೇಕು, ಕೆಲವು ಕಡೆ ಫೈರ್‌ವಾಲಿನಲ್ಲಿ ದಾರಿ ಬೇಕು. ಆ ಅಧಿಕಾರ ಇರುವುದು ನಿಮ್ಮ ಕೈಯಲ್ಲಿ. ಸರ್ಕಾರಿ ಕಚೇರಿಗಳಲ್ಲಿರುವವರಿಗೆ ಒಂದು ನೆನಪು: ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಇಂಥ ಅನುಕೂಲ ಮಾಡಿಕೊಡುವುದನ್ನು ಸರ್ಕಾರಿ ಸಂಸ್ಥೆಗಳ ಹೊಣೆ ಎನ್ನುತ್ತದೆ. "ಸೆಕ್ಯುರಿಟಿ ಪಾಲಿಸಿ ಪ್ರಕಾರ ಆಗಲ್ಲ" ಎಂದು ಬರೆಯುವ ಮುನ್ನ ಆ ಪಾಲಿಸಿಗೆ ವಿನಾಯಿತಿ ಕೇಳುವ ಅರ್ಜಿಯನ್ನು ನೀವೇ ಬರೆದುಕೊಡಿ. ಅವರಿಗಿಂತ ನಿಮ್ಮ ಸಹಿಗೆ ಅಲ್ಲಿ ಬೆಲೆ ಹೆಚ್ಚು.

ವೈದ್ಯರ ಮಾತು ಕೇಳಿ ಟೈಪ್ ಮಾಡುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸದವರಿಗೂ ಇದೇ ಲೆಕ್ಕ. ಕಾಲಿನ ಪೆಡಲ್ ಒತ್ತಿ ಎರಡು ಸೆಕೆಂಡು ಹಿಂದಕ್ಕೆ ಹೋಗುವ ಅಭ್ಯಾಸ ಅವರದು. ಆಡಿಯೋ ಅಲ್ಲಿ ಹುಟ್ಟಿ ಇಲ್ಲಿ ಕೇಳಿಸಿದರೆ ಕಾಲಿಗೂ ಕಿವಿಗೂ ಹೊಂದುವುದಿಲ್ಲ. ಗೋಪ್ಯತೆಯ ನಿಯಮ ಒಪ್ಪುವುದಾದರೆ ಧ್ವನಿ ಕಡತ ಅವರ ಯಂತ್ರದಲ್ಲೇ ನುಡಿಯಲಿ, ಟೈಪಿಂಗ್ ಮಾತ್ರ ರಿಮೋಟ್‌ನಲ್ಲಿರಲಿ.

ನಿಮ್ಮ ಟಿಕೆಟ್ ಫಾರಂನಲ್ಲಿ ಸೌಂಡ್ ದೂರುಗಳಿಗೆ ಎರಡು ಖಾನೆ ಹೆಚ್ಚಿಗೆ ಇಡಿ ಎಂದಷ್ಟೇ ನನ್ನ ಕೋರಿಕೆ. ಪ್ರೋಗ್ರಾಂ ಸದ್ದು ಕೊಡುವುದು ಯಾವ ದಾರಿಯಲ್ಲಿ: ಬೀಪೋ, ವಿಂಡೋಸಿನ ಧ್ವನಿ ಸಾಧನವೋ, /ಡೆವ್/ಡಿಎಸ್‌ಪಿಯೋ, ಡಾಸ್ ಪೋರ್ಟೋ? ಆ ಸದ್ದು ಕೇಳಿಸದಿದ್ದರೆ ಯಾರ ಕೆಲಸ ನಿಲ್ಲುತ್ತದೆ? ಎರಡನೆಯದರ ಉತ್ತರ "ಯಾರದೂ ಇಲ್ಲ" ಎಂದಾದರೆ ನಿಮ್ಮ ಹಳೆಯ ಸಾಲನ್ನೇ ಬರೆದು ಮುಚ್ಚಿ, ನನ್ನ ಅಡ್ಡಿಯಿಲ್ಲ. ಉಳಿದವಕ್ಕೆ ಹೆಡ್‌ಫೋನ್ ಹಾಕಿಕೊಂಡು, ಬಳಕೆದಾರರ ಲಾಗಿನ್ನಿನಲ್ಲಿ, ಅವರು ಕೂರುವ ಜಾಗದ ನೆಟ್‌ವರ್ಕಿನಿಂದಲೇ ಒಮ್ಮೆ ಪರೀಕ್ಷಿಸಿ. ನಿಮ್ಮ ಅಡ್ಮಿನ್ ಲಾಗಿನ್ನಿನಲ್ಲಿ, ಸರ್ವರ್ ಪಕ್ಕದ ಕುರ್ಚಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ.

ಮೈಕಿನ ತಾಪತ್ರಯಗಳನ್ನು ಇಲ್ಲಿ ಮುಟ್ಟಿಲ್ಲ. ಅದಕ್ಕೆ ಇನ್ನೊಂದು ಪತ್ರವೇ ಬೇಕಾಗುತ್ತದೆ.

ಇಂತಿ,
ಹಳೆಯ ಸಾಫ್ಟ್‌ವೇರುಗಳೊಡನೆ ಇನ್ನೂ ಏಗುತ್ತಿರುವ ನಿಮ್ಮವನೊಬ್ಬ